ತೊಟ್ಟಿಲಿಗಿಟ್ಟ ಹೆಸರು

ಸುಶೀಲವ್ವ ಕಣ್ಣು ಮುಚ್ಚಿ, ಬೆರಳು ಮಡಚುತ್ತ ಹೆಸರು ಒಪ್ಪಿಸುತ್ತಿದ್ದರು. ಎಡಗೈ ಮುಗಿದು ಬಲಗೈಗೆ ಬಂದವರು ಕಿರುಬೆರಳ ಹತ್ತಿರ ತಡೆದರು.

“ನಿಜಲಿಂಗಪ್ಪನ ಮಗಂದು ಎರಡು ಹೆಸರು ನೋಡ್ರಿ. ಯಾವುದು ಬರಕೋತೀರಿ?”

ಎರಡೂ ಹೇಳಿರಿ, ಹಾಳೆಯಲ್ಲಿ ಜಾಗವಿದೆ ಎಂದೆ.

“ಸಾಲ್ಯಾಗ ಸುನೀಲಕುಮಾರ. ತೊಟ್ಟಿಲದಾಗ ವಿಜಯಮಹಾಂತೇಶ.”

ನನ್ನ ಪೆನ್ನು ನಿಂತಿತು.

ವಿಜಯಮಹಾಂತೇಶ ಎಂಬ ಮನುಷ್ಯನನ್ನು ಹುಡುಕಿಕೊಂಡೇ ನಾನು ಬೆಳಿಗ್ಗೆ ಹಾವೇರಿಯಿಂದ ಮೋಟರ್‌ಸೈಕಲ್ ಹತ್ತಿ ರಾಣೆಬೆನ್ನೂರಿಗೆ ಬಂದಿದ್ದೆ. ಬ್ಯಾಡಗಿಯ ಪಟ್ಟಣಶೆಟ್ಟಿ ಮನೆತನದ ಕಿರಿಯ ಮಗ, ನಿಜಲಿಂಗಪ್ಪನವರ ತಮ್ಮ. ಮೂವತ್ತೊಂದು ವರ್ಷದ ಹಿಂದೆ ಒಂದು ಶ್ರಾವಣದಲ್ಲಿ ಹೆಂಡತಿ ನಲಿನಿಯನ್ನೂ ಮೂರು ವರ್ಷದ ಮಗಳು ಐಶ್ವರ್ಯಳನ್ನೂ ಬಿಟ್ಟು ಹೋದವನು. ಆಮೇಲೆ ವರ್ಷಕ್ಕೊಂದು ಕಾಗದ ಬರುತ್ತಿತ್ತು, ಮನುಷ್ಯ ಬರಲಿಲ್ಲ. ಕಳೆದ ವಾರ ಬಂದ ಕಾಗದದಲ್ಲಿ ಮಾತ್ರ ಹೀಗಿತ್ತು: ಗುರುವಾರ ಸಂಜೆ ಐದಕ್ಕೆ ರಾಣೆಬೆನ್ನೂರು ಸ್ಟೇಶನ್ನಿಗೆ ಒಬ್ಬಳೇ ಬಾ, ಮಗಳಿಗೆ ಹೇಳಬೇಡ.

ಮಗಳು ಅದನ್ನು ತಾಯಿಯ ಟ್ರಂಕಿನಲ್ಲಿ ಕಂಡು, ಹಳೆಯ ಕಾಗದಗಳ ಸಮೇತ ಎತ್ತಿಕೊಂಡು, ಕಾಣೆಯಾದವರನ್ನು ಹುಡುಕಿಕೊಡುವ ನನ್ನ ಹತ್ತಿರ ಓಡಿಬಂದಿದ್ದಳು. ಗುರುವಾರವೆಂದರೆ ಇವತ್ತು.

ಕೂಸಿಗೆ ಎರಡು ಹೆಸರಿರುವುದು ನಮ್ಮ ಕಡೆ ಹೊಸದಲ್ಲ. ಮಾವನ ಹೆಸರು ಹೊತ್ತ ಕೂಸನ್ನು ಸೊಸೆ ಬಾಯಿಬಿಟ್ಟು ಕರೆಯುವಂತಿಲ್ಲ, ಬೈಯುವಂತಂತೂ ಇಲ್ಲವೇ ಇಲ್ಲ. ಅದಕ್ಕೇ ಕರೆಯಲು, ಬೈಯಲು ಇನ್ನೊಂದು ಹೆಸರು. ನನ್ನ ಪೆನ್ನು ನಿಂತದ್ದು ಅದಕ್ಕಲ್ಲ. ಹಿರಿಯರ ಹೆಸರು ಕೂಸಿಗೆ ಬರುವುದು ಹಿರಿಯರು ಹೋದ ಮೇಲೆ.

ನಿಮ್ಮ ಪೈಕಿಯಲ್ಲಿ ಬದುಕಿದ್ದವರ ಹೆಸರು ಇಡುವುದುಂಟೇ ಎಂದು ಕೇಳಿದೆ. ಸುಶೀಲವ್ವ ಕಣ್ಣು ತೆರೆದು, ಇಷ್ಟು ವಯಸ್ಸಾದರೂ ಬುದ್ಧಿ ಬಂದಿಲ್ಲವಲ್ಲ ಎಂಬಂತೆ ನನ್ನನ್ನು ನೋಡಿದರು.

“ಬದುಕಿದ್ದಾರ ಹೆಸರು ತೊಟ್ಟಿಲಿಗೆ ಹಾಕಿದ್ರ ಅವರ ಆಯುಷ್ಯ ಕಡದಂಗಲ್ರಿ? ಪಟ್ಟಣಶೆಟ್ಟ್ಯಾರ ಮನ್ಯಾಗ ಹಂಗ ಎಂದೂ ಮಾಡಂಗಿಲ್ಲ.”

ಸುಶೀಲವ್ವ ನಿಜಲಿಂಗಪ್ಪನವರ ತೀರಿಕೊಂಡ ಹೆಂಡತಿಯ ದೊಡ್ಡಪ್ಪನ ಮಗಳು. ಮನೆತನದವರನ್ನು ಒಬ್ಬೊಬ್ಬರಾಗಿ ವಿಚಾರಿಸಲೆಂದು ನಾನು ಬರೆಯುತ್ತಿದ್ದ ವಂಶಾವಳಿಯಲ್ಲಿ ಅವರ ಹೆಸರು ಹಾಳೆಯ ಅಂಚಿಗೆ ಬಿದ್ದಿತ್ತು. ಆದರೆ ಹಾವೇರಿ ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷ ಬೇಲೀಫನಾಗಿ, ಮನೆಮನೆಗೆ ಸಮನ್ಸ್ ಹೊತ್ತು ತಿರುಗಿದ ನಾನು ಕಲಿತದ್ದು ಇದು: ಹತ್ತಿರದ ನೆಂಟರು ಬಾಯಿ ಹೊಲಿದುಕೊಂಡು ಕೂರುತ್ತಾರೆ. ದೂರದ ನೆಂಟರಿಗೆ ಮುಚ್ಚಿಡಲು ಏನೂ ಇರುವುದಿಲ್ಲ, ಹೇಳಲು ಬಹಳ ಇರುತ್ತದೆ.

ಸುಶೀಲವ್ವ ಹೇಳಿದರು. ಸಾವಿರದ ಒಂಬೈನೂರಾ ತೊಂಬತ್ತಾರು, ಹೋಳಿಹುಣ್ಣಿಮೆಯ ಮರುವಾರ. ಬಾಣಂತನ ತವರಲ್ಲಾದ್ದರಿಂದ ತೊಟ್ಟಿಲ ಕಾರ್ಯವೂ ಇದೇ ಓಣಿಯಲ್ಲಿ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು, ಗುಗ್ಗರಿ ಹಂಚಿದರು. ಕೂಸಿನ ಅಜ್ಜಿ, ಅಂದರೆ ನಿಜಲಿಂಗಪ್ಪನವರ ತಾಯಿ ಮಾತ್ರ ಮೂಲೆಯಲ್ಲಿ ಕುಳಿತು ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಆಮೇಲೆ ಹೆಂಗಸರನ್ನೆಲ್ಲ ಕರೆದು, ಈ ಹೆಸರು ಬ್ಯಾಡಗಿಗೆ ಹೋಗಬಾರದು, ನಲಿನಿಯ ಕಿವಿಗೆ ಬೀಳಲೇಬಾರದು ಎಂದರು. ನಲಿನಿ ಆಗ ಆರೇಳು ತಿಂಗಳಿಂದ ಹಾಸಿಗೆ ಹಿಡಿದಿದ್ದಳಂತೆ.

ಆ ಹೆಂಗಸರಲ್ಲಿ ಈಗ ಯಾರು ಇದ್ದಾರೆ ಎಂದು ಕೇಳಿದೆ.

“ಸೋದರತ್ತಿ ಹೋದ್ಲು, ಕೂಸಿನ ತಾಯಿ ಹೋದ್ಲು, ಮುದುಕಿ ಹೋದ್ಲು. ಗೊತ್ತಿದ್ದಾಕಿ ನಾನೊಬ್ಬಾಕಿ, ಮತ್ತ ನಿಜಲಿಂಗಪ್ಪ. ಆ ಹುಡುಗಗ ಸೈತ ತನ್ನ ಹೆಸರು ಗೊತ್ತಿಲ್ರಿ.”

ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ತೊಂಬತ್ತಾರಕ್ಕೇ ಸತ್ತವನೆಂದು ತಾಯಿಗೂ ಅಣ್ಣನಿಗೂ ಖಚಿತವಾಗಿ ಗೊತ್ತಿದ್ದರೆ, ಆಮೇಲಿನ ಕಾಗದಗಳನ್ನು ಬರೆದವರು ಯಾರು? ಅದಕ್ಕಿಂತ ದೊಡ್ಡ ಕಳವಳ ಇನ್ನೊಂದಿತ್ತು. ಇವತ್ತು ಸಂಜೆ ಐದಕ್ಕೆ ಸ್ಟೇಶನ್ನಿನಲ್ಲಿ ನಲಿನಿಗಾಗಿ ಕಾಯುವವನು ಯಾರು?

ಓಣಿಯ ತುದಿಯಲ್ಲಿ ಗಾಡಿ ನಿಲ್ಲಿಸಿ ಐಶ್ವರ್ಯಳಿಗೆ ಫೋನು ಮಾಡಿದೆ. ಅವಳು ಅಗಡಿಯ ಹೈಸ್ಕೂಲಿನಲ್ಲಿ ಟೀಚರು. ಹಿಂದೆ ಮಕ್ಕಳು ಪದ್ಯ ಹೇಳುವುದು ಕೇಳಿಸುತ್ತಿತ್ತು. ಮಧ್ಯಾಹ್ನಕ್ಕೆ ರಜೆ ಹಾಕಿ ಹಾವೇರಿಯ ಮನೆಗೆ ಹೋಗು, ತಾಯಿಯನ್ನು ಹೊಸ್ತಿಲು ದಾಟಲು ಬಿಡಬೇಡ ಎಂದೆ.

“ಕಾಕಾ, ಖರೇ ಹೇಳ್ರಿ. ಅಪ್ಪ ಅದಾರೋ ಇಲ್ಲೋ?”

ಸಂಜೆ ಹೇಳುತ್ತೇನೆ ಎಂದೆ. ಹೇಡಿತನ ಎನ್ನಿ, ಒಪ್ಪುತ್ತೇನೆ. ಕೋರ್ಟಿನ ಕಾಗದ ಕೊಟ್ಟು ಬೈಸಿಕೊಂಡದ್ದು ಸಾವಿರ ಸಲ. ಇಂಥ ಸುದ್ದಿ ಕೊಡುವ ಧೈರ್ಯ ಮಾತ್ರ ನನಗೆ ಇವತ್ತಿಗೂ ಬಂದಿಲ್ಲ.

ಬ್ಯಾಡಗಿಯ ದಾರಿಯುದ್ದಕ್ಕೂ ಬಗಲಚೀಲದಲ್ಲಿದ್ದ ಕಾಗದಗಳದ್ದೇ ಯೋಚನೆ. ಹಳೆಯವು ಇಪ್ಪತ್ತೊಂಬತ್ತು, ಹೊಸದು ಒಂದು. ಹಳೆಯವು ಕಾಶಿಯಿಂದ, ಶ್ರೀಶೈಲದಿಂದ, ಉಜ್ಜಯಿನಿಯಿಂದ ಬರೆದಂತೆ ಇದ್ದವು. ಎಲ್ಲವೂ ನಿಜಲಿಂಗಪ್ಪನವರ ಅಂಗಡಿಗೆ ಬಂದು, ಅವರ ಕೈಯಿಂದಲೇ ನಲಿನಿಯ ಕೈಗೆ ಬಂದಂಥವು. ಮೊನ್ನೆ ಅವನ್ನು ಬಿಚ್ಚಿದಾಗ ನನಗೆ ಒಂದರ ಮೇಲೊಂದು ಸೀನು ಬಂದಿತ್ತು. ನೆಗಡಿ ಎಂದುಕೊಂಡು ಶುಂಠಿ ಕಷಾಯ ಕುಡಿದು ಮಲಗಿದ್ದೆ. ಎಂಥ ಪತ್ತೇದಾರ ನೋಡಿ!

ಊರು ಇನ್ನೂ ಒಂದು ಮೈಲಿ ಇರುವಾಗಲೇ ಮೂಗು ಉರಿಯತೊಡಗಿತು. ಗುರುವಾರ ಮಾರುಕಟ್ಟೆಯ ದಿನ, ಮೆಣಸಿನಕಾಯಿ ಚೀಲ ಹೊತ್ತ ಗಾಡಿಗಳು ರಸ್ತೆಯ ಎರಡೂ ಕಡೆ ಸಾಲುಗಟ್ಟಿದ್ದವು. ಬ್ಯಾಡಗಿ ಕಾಯಿ ಬಣ್ಣಕ್ಕೆ ಜೋರು, ಖಾರಕ್ಕೆ ಸೌಮ್ಯ ಎನ್ನುತ್ತಾರೆ. ಗೋದಾಮಿನ ಧೂಳಿಗೆ ಆ ಸೌಮ್ಯತೆ ಯಾರೂ ಕಲಿಸಿಲ್ಲ. ನಾನು ಹ್ಯಾಂಡಲ್ ಹಿಡಿದೇ ಎರಡು ಸಲ ಸೀನಿದೆ, ಎರಡನೆಯ ಸೀನಿಗೆ ತಲೆ ನೆಟ್ಟಗಾಯಿತು. ಕಾಶಿಯಲ್ಲಿ ಬರೆದ ಕಾಗದಕ್ಕೆ ಈ ಘಾಟು ಹತ್ತುವುದಿಲ್ಲ.

ಗಾಡಿ ನಿಲ್ಲಿಸಿ ಹೊಸ ಕಾಗದವನ್ನು ಮೂಸಿ ನೋಡಿದೆ. ಬರೀ ಕಾಗದದ ವಾಸನೆ. ಅದರ ಅರ್ಥ ಆಗ ನನಗೆ ಆಗಲಿಲ್ಲ.

ನಿಜಲಿಂಗಪ್ಪನವರು ಪಡಸಾಲೆಯಲ್ಲಿ ಆರಾಮಕುರ್ಚಿಯ ಮೇಲೆ ಶಾಲು ಹೊದ್ದು ಕುಳಿತಿದ್ದರು. ಎಪ್ಪತ್ತರ ಮೇಲಾದ ವಯಸ್ಸು, ಹಣೆಯ ತುಂಬ ವಿಭೂತಿ. ಮಗ ಮಾರುಕಟ್ಟೆಗೆ ಹೋಗಿದ್ದ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಮ್ಮನ ಸುದ್ದಿ ಕೇಳಲು ನಾನು ಬಂದದ್ದು ಇದು ಎರಡನೆಯ ಸಲ. ಮೊದಲ ಸಲ ಬೆಲ್ಲದಂಥ ಮಾತಾಡಿ, ಸಾಧುಗಳ ಬೆನ್ನು ಹತ್ತಿ ಹೋದ, ಶಿವನಿಚ್ಛೆ ಎಂದು ಸಾಗಹಾಕಿದ್ದರು.

ಸಮನ್ಸ್ ಮುಟ್ಟಿಸುವವರ ಒಂದು ಉಪಾಯವಿದೆ. ‘ಇಂಥವರು ನೀವೇನಾ?’ ಎಂದು ಕೇಳಿದರೆ ಯಾವನೂ ಹೌದು ಎನ್ನುವುದಿಲ್ಲ. ಕೇಳಬಾರದು, ಹೆಸರನ್ನು ಒಮ್ಮೆಲೇ ಕೂಗಿಬಿಡಬೇಕು. ಮನುಷ್ಯ ಬಾಯಿ ಮುಚ್ಚಿಕೊಂಡಾನು, ತನ್ನ ಹೆಸರಿಗೆ ಓಗೊಡದೆ ಇರಲಾರ.

“ಸಾವ್ಕಾರ್ರ, ವಿಜಯಮಹಾಂತೇಶನ್ನ ಕರೀರಿ.”

“ಅಂವ ಎಲ್ಲಿದ್ದಾನ ಅಂತ ಕರೀಲಿ, ಬೇಲೀಫಸಾಹೇಬ್ರ? ಹೇಳೇನಲ್ಲ ನಿಮಗ.”

“ತಮ್ಮನ್ನ ಅಲ್ರಿ. ನಿಮ್ಮ ಮಗನ್ನ ಕರೀರಿ ಅಂದೆ.”

ಅವರ ಮುಖ ಸುಣ್ಣವಾಯಿತು. ನಾನು ಇಪ್ಪತ್ತೊಂಬತ್ತು ಕಾಗದಗಳನ್ನು ತೆಗೆದು ಅವರ ತೊಡೆಯ ಮೇಲಿಟ್ಟೆ. ಮೇಲಿನದು ಬಿಚ್ಚಿಕೊಂಡಿತು, ನನಗೆ ಸೀನು ಬಂತು. ಅವರಿಗೆ ಬರಲಿಲ್ಲ, ಐವತ್ತು ವರ್ಷ ಮೆಣಸಿನಕಾಯಿ ವ್ಯಾಪಾರದ ಧೂಳಿನಲ್ಲೇ ಇದ್ದವರು.

ಇವನ್ನು ಬರೆದದ್ದು ನೀವು ಎಂದೆ. ಹೌದು ಎಂದರು. ಇಷ್ಟು ಸಲೀಸಾಗಿ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. ಬಹುಶಃ ಯಾರಾದರೂ ಕೇಳಲೆಂದೇ ಅವರು ಕಾದಿದ್ದರು.

ಅವರು ಹೇಳಿದ್ದು ಇಷ್ಟು. ತಮ್ಮ ಹೋದ ಮರುವರ್ಷ, ತುಂಗಭದ್ರೆ ತುಂಬಿ ಇಳಿದ ಹೊತ್ತು, ಹೊಳೆದಂಡೆಯ ಒಂದು ಊರಿನಿಂದ ಹಿರಿಯರೊಬ್ಬರು ಹೇಳಿಕಳಿಸಿದರು. ದಂಡೆಗೆ ಒಂದು ಹೆಣ ಬಂದಿದೆ, ಕೊರಳಲ್ಲಿ ಬೆಳ್ಳಿಯ ಕರಡಿಗೆ ಇದೆ, ಅದರ ತಳದಲ್ಲಿ ಪಟ್ಟಣಶೆಟ್ಟಿ ಎಂದು ಕೆತ್ತಿದೆ. ಲಿಂಗ ಇಟ್ಟುಕೊಳ್ಳುವ ಆ ಕರಡಿಗೆ ಅವರ ತಂದೆ ಮಾಡಿಸಿ ಕೊಟ್ಟದ್ದು. ನಿಜಲಿಂಗಪ್ಪ ಹೋಗಿ ನೋಡಿದರು. ಮುಖ ಗುರುತು ಸಿಗುವಂತಿರಲಿಲ್ಲ. ಕರಡಿಗೆ ಮಾತ್ರ ತಮ್ಮನದೇ. ಲಿಂಗ ಕಟ್ಟಿಕೊಂಡವನು ಬದುಕಿರುವಾಗ ಅದನ್ನು ಕೊರಳಿನಿಂದ ತೆಗೆದು ಇನ್ನೊಬ್ಬನ ಕೊರಳಿಗೆ ಹಾಕುವುದಿಲ್ಲ. ಅಷ್ಟರ ಮೇಲೆ ಯಾವ ಸಾಕ್ಷಿ ಬೇಕು? ಅವತ್ತೇ ಅಲ್ಲೇ ಮಣ್ಣು ಕೊಟ್ಟು ಬಂದರು. ಪೊಲೀಸರಿಗೆ ಹೇಳಲಿಲ್ಲ, ತಾಯಿಗೆ ಮಾತ್ರ ಹೇಳಿದರು.

“ಅವ್ವ ಆಣಿ ಹಾಕಿಸಿದ್ಲು. ನಲಿನಿ ಹಾಸಿಗಿ ಹಿಡದಾಳ, ಈ ಸುದ್ದಿ ಕೇಳಿದ್ರ ಆಕೀನೂ ಉಳಿಯಂಗಿಲ್ಲ, ಕೂಸು ತಬ್ಬಲಿ ಆಕ್ಕತಿ ಅಂದ್ಲು. ಆದ್ರ ಮಗನ ಹೆಸರು ಮನಿಯಾಗ ಉಳೀಬೇಕು ಅಂತ ಹಟಾ ಹಿಡದ್ಲು. ಹಂಗಂತ ತೊಟ್ಟಿಲಿಗಿಟ್ಟಿವಿ.”

“ಮತ್ತ ಈ ಕಾಗದಾ?”

“ಆಕಿ ಆರಾಮಾದ ಮ್ಯಾಲ ಹೇಳಬೇಕಿತ್ತು. ಹೇಳಾಕ ಬಾಯಿ ಬರಲಿಲ್ಲ. ಒಂದು ಕಾಗದ ಬರದೆ. ಅದನ್ನ ಓದಿ ಆಕಿ ಆವತ್ತು ಹೊಟ್ಟಿತುಂಬ ಊಟ ಮಾಡಿದ್ಲು. ಮುಂದಿನ ವರ್ಷ ಇನ್ನೊಂದು ಬರದೆ.”

ಸಿಟ್ಟು ಮಾಡಿಕೊಂಡು ಬಂದಿದ್ದೆ. ಅದು ಅರ್ಧಕ್ಕೆ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಒಂದು ಹೊತ್ತಿನ ಊಟಕ್ಕಾಗಿ ಒಬ್ಬ ಹೆಣ್ಣುಮಗಳನ್ನು ಮೂವತ್ತು ವರ್ಷ ಬಾಗಿಲಲ್ಲಿ ಕೂರಿಸುವುದು ಕರುಣೆಯೋ ಕ್ರೌರ್ಯವೋ ನನಗೆ ತಿಳಿಯದು. ಅದನ್ನೇ ಕೇಳಿದೆ. ಅವರು ತೊಡೆಯ ಮೇಲಿನ ಕಾಗದಗಳನ್ನೇ ನೋಡಿದರು.

ಹಾಗಾದರೆ ಸ್ಟೇಶನ್ನಿಗೆ ಒಬ್ಬಳೇ ಬಾ ಎಂದು ಕರೆದದ್ದು ಯಾಕೆ ಎಂದೆ.

ಅವರು ತಲೆ ಎತ್ತಿದರು. “ಯಾವ ಸ್ಟೇಶನ್ ರೀ?”

ಹೊಸ ಕಾಗದ ತೆಗೆದು ಕೊಟ್ಟೆ. ಅವರು ಎಡಗೈ ಚಾಚಿದರು. ಶಾಲು ಜಾರಿತು. ಬಲಗೈ ತೊಡೆಯ ಮೇಲೆ ಯಾರದೋ ಕೈಯಂತೆ ಬಿದ್ದುಕೊಂಡಿತ್ತು, ಬೆರಳು ಒಳಕ್ಕೆ ಮಡಚಿದ್ದವು. ಹೋದ ದೀಪಾವಳಿಗೆ ಪಾರ್ಶ್ವವಾಯು ಹೊಡೆದದ್ದಂತೆ. ಅದಕ್ಕೇ ಈ ವರ್ಷ ಕಾಗದ ಬರೆಯಲಾಗಲಿಲ್ಲ, ನಲಿನಿ ಎರಡು ಸಲ ಕೇಳಿ ಕಳಿಸಿದ್ದಳು, ಏನು ಹೇಳುವುದೆಂದು ತೋಚದೆ ಸುಮ್ಮನಿದ್ದರು.

ಹೊಸ ಕಾಗದ ಅಂಚೆಯಲ್ಲಿ ನೇರ ಹಾವೇರಿಗೆ, ನಲಿನಿಯ ಮನೆಗೆ ಬಂದದ್ದು. ಅದಕ್ಕೆ ಘಾಟಿರಲಿಲ್ಲ. ಅರ್ಥ ಈಗ ಆಯಿತು: ಅದನ್ನು ಬರೆದ ಕೈ ಈ ಮನೆಯದಲ್ಲ.

ಅವರು ಕಾಗದವನ್ನು ಮುಖದ ಹತ್ತಿರ ಹಿಡಿದು ಓದಿದರು. ಕೊನೆಗೆ ಬಂದು ಮತ್ತೆ ಮೊದಲಿಗೆ ಹೋದರು. ಅಕ್ಷರ ನಿಮ್ಮದರಂತೆಯೇ ಇದೆಯಲ್ಲ ಎಂದೆ, ಯಾರಾದರೂ ನಿಮ್ಮ ಕಾಗದ ನೋಡಿ ಕಲಿತಿರಬಹುದೇ ಎಂದೆ.

“ನನ್ನ ಅಕ್ಷರ ಹಿಂಗಿಲ್ಲ. ತಮ್ಮನ ಹಳೇ ಲೆಕ್ಕದ ವಹಿ ಮುಂದ ಇಟಗೊಂಡು ನಾ ಆರು ತಿಂಗಳ ತಿದ್ದಿ ಕಲತೆ.” ಕಾಗದವನ್ನು ನನ್ನ ಕಡೆ ತಿರುಗಿಸಿದರು. “ಇದು ನಾ ಕಲತ ಅಕ್ಷರ ಅಲ್ರಿ. ನಾ ಯಾವುದನ್ನ ನೋಡಿ ಕಲತೆನೋ, ಆ ಅಕ್ಷರ.”

ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಐಶ್ವರ್ಯ. ಅವಳು ಮಾತಾಡುವ ಮೊದಲೇ ಉಸಿರಿನಿಂದ ನನಗೆ ಗೊತ್ತಾಯಿತು.

ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಕುಲ್ಸುಮಬಿ ಕಂಡಿದ್ದರು: ಹನ್ನೊಂದೂವರೆಗೆ ನಲಿನಿ ಹಸಿರು ಇಳಕಲ್ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋದರಂತೆ. ಮಗಳು ಫೋನು ಮಾಡಿದರೆ ಎತ್ತುತ್ತಿಲ್ಲ.

ನಾನು ಸಂಜೆಯ ರೈಲನ್ನು ಲೆಕ್ಕ ಹಾಕಿ ಕುಳಿತಿದ್ದೆ. ಮೂವತ್ತೊಂದು ವರ್ಷ ಕಾದವರು ಐದು ಗಂಟೆಯತನಕ ಕಾಯುತ್ತಾರೆಂದು ಯಾವ ತಲೆಯಿಂದ ಎಣಿಸಿದೆನೋ! ಬೆಳಿಗ್ಗೆ ನಾನಿದ್ದದ್ದು ಅದೇ ರಾಣೆಬೆನ್ನೂರಿನಲ್ಲಿ. ಅಲ್ಲೇ ಕುಳಿತಿದ್ದರೆ ಸಾಕಿತ್ತು. ಐಶ್ವರ್ಯಳಿಗೆ ರಾಣೆಬೆನ್ನೂರಿನ ಬಸ್ ಹಿಡಿ, ನಾನೂ ಅಲ್ಲಿಗೇ ಬರುತ್ತೇನೆ ಎಂದು ಹೇಳಿ ಚೀಲ ಹೆಗಲಿಗೇರಿಸಿದೆ.

“ಕುಂದ್ರಿ,” ಎಂದರು ನಿಜಲಿಂಗಪ್ಪ. “ಒಂದು ಮಾತು ಉಳದೈತಿ.”

ಕೂರಲು ವೇಳೆಯಿಲ್ಲ ಎಂದೆ. ಅವರು ಎಡಗೈಯಿಂದ ನನ್ನ ಅಂಗಿಯ ತುದಿ ಹಿಡಿದರು. ಆ ಮುದುಕರ ಕೈಯಲ್ಲಿ ಅಷ್ಟು ಬಲವಿದ್ದೀತೆಂದು ಅನ್ನಿಸಿರಲಿಲ್ಲ.

“ಮಣ್ಣು ಕೊಡೋವಾಗ ಲಿಂಗಾನ ತಗದು ಅಂಗೈಯಾಗ ಇಟ್ಟು ಮುಚ್ಚೋದು ನಮ್ಮ ಪದ್ಧತಿ. ಕುಣಿಯಾಗ ಇಳದು ಕರಡಿಗಿ ತಗದೆ.” ನನ್ನ ಅಂಗಿಯನ್ನು ಇನ್ನಷ್ಟು ಬಿಗಿಹಿಡಿದರು. “ಒಳಗ ಲಿಂಗ ಇರಲಿಲ್ರಿ.”

ಹೊಳೆಯ ನೀರು ಒಯ್ದಿರಬಹುದಲ್ಲ ಎಂದೆ. ನನಗೇ ಆ ಮಾತಿನಲ್ಲಿ ನಂಬಿಕೆಯಿರಲಿಲ್ಲ.

“ನಾನೂ ಹಂಗ ಅಂದಕೊಂಡೆ. ಮೂವತ್ತು ವರ್ಷ ಹಂಗ ಅಂದಕೋತ ಬಂದೆ. ಆದ್ರ ಮುಚ್ಚಳಾ ಬಿಗಿ ಇತ್ತು. ಹಲ್ಲು ಹಚ್ಚಿ ತಗದೇನಿ ನಾನು.”

ಯಾರೋ ಆ ಕರಡಿಗೆ ಬಿಚ್ಚಿದ್ದಾರೆ, ಲಿಂಗವನ್ನು ಜೋಪಾನವಾಗಿ ತೆಗೆದುಕೊಂಡಿದ್ದಾರೆ, ಮುಚ್ಚಳ ಬಿಗಿದು ಬೇರೆ ಒಬ್ಬನ ಕೊರಳಿಗೆ ಹಾಕಿದ್ದಾರೆ. ಬೆಳ್ಳಿಗೆ ಆಸೆಪಟ್ಟ ಕಳ್ಳನಾದರೆ ಬೆಳ್ಳಿ ಬಿಟ್ಟು ಲಿಂಗ ಒಯ್ಯುತ್ತಿರಲಿಲ್ಲ. ಲಿಂಗ ಬೇಕಾದದ್ದು ಅದನ್ನು ಕಟ್ಟಿಕೊಂಡವನಿಗೆ ಮಾತ್ರ.

ಹಾಗಾದರೆ ಹೊಳೆದಂಡೆಯಲ್ಲಿ ಮಣ್ಣಾದವನು ಯಾರು? ಅವನು ಸತ್ತದ್ದು ಹೇಗೆ? ಐಶ್ವರ್ಯ ನನ್ನನ್ನು ಕೇಳಿದ್ದಳು, ಅಪ್ಪ ಇದ್ದಾರೋ ಇಲ್ಲವೋ ಎಂದು. ಇದ್ದಾನೆ ಎಂಬ ಉತ್ತರಕ್ಕೆ ಇಷ್ಟು ಹೆದರಬೇಕಾಗುತ್ತದೆ ಎಂದು ನನಗೆ ಬೆಳಿಗ್ಗೆ ಗೊತ್ತಿರಲಿಲ್ಲ.

ಬಾಗಿಲ ಹತ್ತಿರ ನಿಂತೇ ನಲಿನಿಯವರ ನಂಬರಿಗೆ ಫೋನು ಮಾಡಿದೆ. ನಿಜಲಿಂಗಪ್ಪನವರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಮೂರು ಸಲ ರಿಂಗಾಯಿತು, ನಾಲ್ಕನೆಯದಕ್ಕೆ ಎತ್ತಿದರು. ಹಿಂದೆ ಗಾಡಿ ಸಂಖ್ಯೆ ಕೂಗುತ್ತಿದ್ದ ಸ್ಟೇಶನ್ನಿನ ಧ್ವನಿ. ಎತ್ತಿದವರು ಹಲೋ ಎನ್ನಲಿಲ್ಲ.

“ಯಾರ್ರೀ?”

ಗಂಡಸಿನ ಧ್ವನಿ. ವಯಸ್ಸಾದದ್ದು, ಅವಸರವಿಲ್ಲದ್ದು.

ನಾನು ಯಾರೆಂದು ಹೇಳಲಿಲ್ಲ. ನೀವು ಯಾರೆಂದೂ ಕೇಳಲಿಲ್ಲ. ಇಪ್ಪತ್ತೆಂಟು ವರ್ಷ ಪರರ ಬಾಗಿಲಲ್ಲಿ ನಿಂತು ಮಾಡಿದ್ದನ್ನೇ ಮಾಡಿದೆ.

“ವಿಜಯಮಹಾಂತೇಶ!”

ಆ ಕಡೆ ಉಸಿರು ಒಂದು ಕ್ಷಣ ಸಿಕ್ಕಿಕೊಂಡಿತು. ಕುರ್ಚಿಯಲ್ಲಿದ್ದ ನಿಜಲಿಂಗಪ್ಪ ಒಂದೇ ಕೈಯೂರಿ ಏಳಲು ನೋಡುತ್ತಿದ್ದರು.

“ಆ ಹೆಸರಿನಾಂವ ಇಲ್ರಿ,” ಎಂದಿತು ಧ್ವನಿ. “ಆ ಹೆಸರು ಕೂಸಿಗಿಟ್ಟು ಇಪ್ಪತ್ತೊಂಬತ್ತು ವರ್ಷ ಆತು. ನಮ್ಮ ಅಣ್ಣನ್ನ ಕೇಳ್ರಿ, ಹೇಳ್ತಾನ.”

ಫೋನು ಕಟ್ಟಾಯಿತು. ಆ ಹೆಸರು ಗೊತ್ತಿದ್ದವರು ಇಬ್ಬರೇ ಎಂದಿದ್ದರು ಸುಶೀಲವ್ವ, ಮೂರನೆಯವನ ಕೈಯಲ್ಲಿ ನಲಿನಿಯ ಫೋನಿತ್ತು. ಮತ್ತೆ ಮಾಡಿದೆ, ಸ್ವಿಚ್ ಆಫ್. ಗಡಿಯಾರ ನೋಡಿದೆ. ಎರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು, ಐದರ ತನಕ ಅವನೂ ಕಾದಿರಲಿಲ್ಲ.